ಈಜಿಸ್ಟಾರ್‌ಗೆ ಎಷ್ಟು ಕಾರ್ಬನ್ ಬೇಕು?

ಜರ್ಮನಿಯ ಮಲ್ಟಿಪ್ಲೆಕ್ಸ್ ಕಂಪನಿಯ ಈಜಿಸ್ಟಾರ್, ರಿಮೋಟ್ ವಿಮಾನ ಹಾರಿಸಲು ಕಲಿಯುವವರಿಗೆಂದೇ ಮಾಡಿದ ಮಾದರಿ. ಎಲಾಪೋರ್ ಎಂಬ ಫೋಮಿನ ಮೈ, ತುದಿಯಿಂದ ತುದಿಗೆ ಸುಮಾರು 137 ಸೆಂ.ಮೀ. ರೆಕ್ಕೆ, 680 ಗ್ರಾಂ ಆಸುಪಾಸಿನ ತೂಕ. ಮೋಟರ್ ಇರುವುದು ಮೂತಿಯಲ್ಲಲ್ಲ, ಬೆನ್ನಿನ ಮೇಲೆ. ಅಲ್ಲಿಂದಲೇ ವಿಮಾನವನ್ನು ಮುಂದಕ್ಕೆ ತಳ್ಳುತ್ತದೆ. ಹಾಗಾಗಿ ಮೂತಿ ನೆಲಕ್ಕೆ ಬಡಿದರೂ ಪ್ರೊಪೆಲ್ಲರ್ ಉಳಿಯುತ್ತದೆ. ಫೋಮ್ ನಜ್ಜಿದ ಜಾಗಕ್ಕೆ ಕುದಿಯುವ ನೀರು ಸುರಿದರೆ ಅದು ಬಹುಮಟ್ಟಿಗೆ ಮತ್ತೆ ಉಬ್ಬಿಕೊಳ್ಳುತ್ತದೆ. ಮುರಿದರೆ ಸೂಪರ್ ಗ್ಲೂ ಸಾಕು. ಇಷ್ಟು ಯೋಚಿಸಿ ಮಾಡಿದ ವಿಮಾನವನ್ನು ಕೊಂಡ ಕೂಡಲೇ ಅಡಿಯಿಂದ ಮುಡಿಯವರೆಗೆ ಗಟ್ಟಿ ಮಾಡಲು ಹೊರಡುವ ರೂಢಿಯ ಬಗ್ಗೆ ನನ್ನ ತಕರಾರಿದೆ.

ಹೊಟ್ಟೆಗೆಲ್ಲ ನೂಲಿನ ಟೇಪ್, ಮೂತಿಗೆ ಎಪಾಕ್ಸಿ, ಜೊತೆಗೆ ದೊಡ್ಡ ಬ್ಯಾಟರಿ. ಎಲ್ಲ ಸೇರಿ 300 ಗ್ರಾಂ ಏರಿತೆನ್ನಿ. ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುವ ವೇಗ, ಅಂದರೆ ಸ್ಟಾಲ್ ವೇಗ, ತೂಕದ ವರ್ಗಮೂಲದ ಲೆಕ್ಕದಲ್ಲಿ ಹೆಚ್ಚುತ್ತದೆ. ಇಲ್ಲಿ ಅದು ಶೇ. 20ರಷ್ಟು ಏರುತ್ತದೆ. ಇಳಿಯುವಾಗ ತೂಕವೂ ಹೆಚ್ಚು, ವೇಗವೂ ಹೆಚ್ಚು; ನೆಲಕ್ಕೆ ತಾಗುವ ಹೊಡೆತದ ಶಕ್ತಿ ಮೊದಲಿನ ಎರಡರಷ್ಟಾಗುತ್ತದೆ. ಮೂತಿಯ ಮೆತ್ತನೆಯ ಫೋಮ್ ತಾನು ನಜ್ಜಿ ಹೊಡೆತವನ್ನು ನುಂಗುತ್ತಿತ್ತು. ಎಪಾಕ್ಸಿ ಬಳಿದ ಮೂತಿ ಅದನ್ನು ಹಾಗೇ ರೆಕ್ಕೆಯ ಬುಡಕ್ಕೆ ದಾಟಿಸುತ್ತದೆ. ಬೀಳುತ್ತದೆಂದು ಬಲಪಡಿಸಿದ್ದು ಬಿದ್ದಾಗ ಇನ್ನೂ ಜೋರಾಗಿ ಮುರಿಯುತ್ತದೆ.

ರೆಕ್ಕೆಯ ವಿಷಯ ಬೇರೆ. ಎರಡು ರೆಕ್ಕೆಗಳನ್ನು ಜೋಡಿಸುವ ಕೊಳವೆ ತುದಿಯವರೆಗೆ ಹೋಗುವುದಿಲ್ಲ. ಬ್ರಷ್‌ಲೆಸ್ ಮೋಟರ್ ಹಾಕಿ ಡೈವ್‌ನಿಂದ ಜೋರಾಗಿ ಮೇಲೆತ್ತಿದರೆ, ಕೊಳವೆ ಮುಗಿಯುವ ಜಾಗದಲ್ಲೇ ರೆಕ್ಕೆ ಬಿಲ್ಲಿನಂತೆ ಬಾಗುವುದು ಕಣ್ಣಿಗೆ ಕಾಣುತ್ತದೆ. ಇಲ್ಲಿ ಕಾರ್ಬನ್ ಪಟ್ಟಿ ಕೂರಿಸುವುದು ಸರಿಯಾದ ಕೆಲಸ. ಆದರೆ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಹುದುಗಿಸಬೇಕು. ಎತ್ತರ ಎರಡರಷ್ಟಾದರೆ ಬಿಗಿ ಎಂಟರಷ್ಟಾಗುತ್ತದೆ. ಅದನ್ನೇ ರೆಕ್ಕೆಯ ದಪ್ಪದ ನಡುವೆ ಮಲಗಿಸಿದರೆ ದುಡ್ಡೂ ದಂಡ, ತೂಕವೂ ದಂಡ. ಟೇಪ್ ಅಂಟಿಸುವವರು ರೆಕ್ಕೆಯ ಕೆಳಮೈಗೆ ಅಂಟಿಸಲಿ. ಹಾರುವಾಗ ಹಿಗ್ಗುವುದು ಆ ಮೈ, ಟೇಪ್ ತಡೆಯುವುದೂ ಎಳೆತವನ್ನೇ.

ರೆಕ್ಕೆಯ ಫೋಮ್ ಕತ್ತರಿಸಿ ಐಲರಾನ್, ಅಂದರೆ ವಿಮಾನವನ್ನು ವಾಲಿಸುವ ಅಲುಗು, ಮಾಡಿಕೊಳ್ಳುವ ಆಸೆಯೂ ಹಳೆಯದು. ಮೊದಲ ಈಜಿಸ್ಟಾರ್ ಬರೀ ರಡ್ಡರ್‌ನಿಂದ ತಿರುಗುತ್ತಿತ್ತು. ಮೇಲ್ಮುಖವಾಗಿ ಓರೆಯಾದ ರೆಕ್ಕೆಗಳು ಉಳಿದದ್ದನ್ನು ನೋಡಿಕೊಳ್ಳುತ್ತಿದ್ದವು. ಈಜಿಸ್ಟಾರ್ 2ರಲ್ಲಿ ಕಂಪನಿಯೇ ಐಲರಾನ್‌ಗೆ ಅವಕಾಶ ಮಾಡಿಕೊಟ್ಟಿತು. ಹಳೆಯದಕ್ಕೆ ಚಾಕು ಹಾಕುವ ಮುನ್ನ ರೆಕ್ಕೆಯ ಬುಡ ಹಿಡಿದು ತುದಿಯನ್ನು ತಿರುಚಿ ನೋಡಿ. ಸಲೀಸಾಗಿ ತಿರುಚಿಕೊಂಡರೆ, ವೇಗ ಹೆಚ್ಚಿದಾಗ ಐಲರಾನ್ ವಿಮಾನವನ್ನು ವಾಲಿಸುವ ಬದಲು ರೆಕ್ಕೆಯನ್ನೇ ತಿರುಚೀತು. ಇದಕ್ಕೆ ಮದ್ದು 45 ಡಿಗ್ರಿ ಓರೆಯಲ್ಲಿ ಅಂಟಿಸಿದ ತೆಳು ಟೇಪ್.

ಮೋಟರ್ ಬದಲಿಸುವವರು ಮರೆಯುವ ಸಂಗತಿಯೊಂದಿದೆ: ಅದು ತಳ್ಳುವುದು ವಿಮಾನದ ಗುರುತ್ವಕೇಂದ್ರಕ್ಕಿಂತ ಮೇಲಿನಿಂದ. ಬಲ ಹೆಚ್ಚಿಸಿದಷ್ಟೂ ಥ್ರಾಟಲ್ ಕೊಟ್ಟಾಗ ಮೂತಿ ಕೆಳಗೆ ಬಾಗುತ್ತದೆ. ಮೋಟರಿನ ಕೋನ ತಿದ್ದದೆ ಶಕ್ತಿ ಹೆಚ್ಚಿಸುವುದನ್ನು ನಾನು ಸುಧಾರಣೆ ಎಂದು ಒಪ್ಪುವುದಿಲ್ಲ. ಪ್ರೊಪೆಲ್ಲರ್ ಹಿಂದಿನ ಸಪೂರ ಬಾಲಕ್ಕೆ ಎರಡೂ ಮಗ್ಗುಲಲ್ಲಿ ಸಣ್ಣ ಕಾರ್ಬನ್ ಕಡ್ಡಿ ಹುದುಗಿಸುವುದನ್ನು ಮಾತ್ರ ಮನಸಾರೆ ಒಪ್ಪುತ್ತೇನೆ. ಆದರೆ ಬಾಲಕ್ಕೆ ಬಿದ್ದ ಪ್ರತಿ ಗ್ರಾಂಗೂ ಮೂತಿಯಲ್ಲಿ ಅದಕ್ಕಿಂತ ಹೆಚ್ಚು ತೂಕ ಇಟ್ಟು ಸರಿದೂಗಿಸಬೇಕಾಗುತ್ತದೆ. ಅಲ್ಲಿ ಅಂಟನ್ನೂ ತೂಗಿಯೇ ಹಾಕಬೇಕು.