ತಬ್ಬಲಿಗಳ ಕಥೆಯೂ ನಮ್ಮ ಬಾಲಸಾಹಿತ್ಯವೂ

ಮಕ್ಕಳಿಗಾಗಿ ಬರೆದ ಚಾರಿತ್ರಿಕ ಕಥೆಗಳಲ್ಲಿ ಹೈದರಾಲಿಯ ಬಾಲ್ಯಕ್ಕೆ ಸಾಮಾನ್ಯವಾಗಿ ಒಂದು ಪುಟ ದೊರೆಯುವುದು. ತಂದೆ ಫತೇ ಮಹಮ್ಮದನು ಕಾಳಗದಲ್ಲಿ ಮಡಿದನು. ದೊಡ್ಡಬಳ್ಳಾಪುರದ ಅಬ್ಬಾಸ್ ಕುಲಿ ಖಾನನು ಹಣಕ್ಕಾಗಿ ಷಹಬಾಜ್, ಹೈದರ್ ಎಂಬ ಎಳೆಯ ಸೋದರರನ್ನು ಹಿಂಸಿಸಿದನು. ನಗಾರಿಯೊಳಗೆ ತುರುಕಿ ಬಾರಿಸಿದನೆಂದೂ ಹೇಳುವರು. ಶ್ರೀರಂಗಪಟ್ಟಣದಲ್ಲಿದ್ದ ಬಂಧುವೊಬ್ಬನು ಅವರನ್ನು ಬಿಡಿಸಿ ಕರೆಸಿಕೊಂಡನು. ಪುಟ ಮಗುಚಿದೊಡನೆ ಹುಡುಗನು ಕುದುರೆಯ ಮೇಲಿರುವನು!

ಈ ಪಾಠವನ್ನು ನಾನು ಹೇಳಿದಾಗ ಒಬ್ಬ ಹುಡುಗನು, "ಸ್ವಾಮಿ, ಅಣ್ಣ ಏನಾದ?" ಎಂದು ಕೇಳಿದನು. ಪುಸ್ತಕದಲ್ಲಿ ಉತ್ತರವಿರಲಿಲ್ಲ. ಮೈಸೂರು ಸೈನ್ಯದಲ್ಲಿ ಮೊದಲು ನೆಲೆ ಕಂಡವನು ಆ ಅಣ್ಣನೇ. 1749ರ ದೇವನಹಳ್ಳಿಯ ಮುತ್ತಿಗೆಯಲ್ಲಿ ತಮ್ಮನು ಅವನ ಜೊತೆಗಿದ್ದೇ ಹೆಸರು ಪಡೆದನು. ಕರುಣಕ್ಕೆ ಆಲಂಬನವು ಕೈಗೆ ಸಿಕ್ಕಿರುವಾಗಲೇ ವೀರಕ್ಕೆ ಹಾರುವುದು ಆತುರವಲ್ಲದೆ ಮತ್ತೇನು? ನಗಾರಿಯ ಕತ್ತಲೆಯಲ್ಲಿ ಅಣ್ಣನು ತಮ್ಮನಿಗೆ ಏನು ಹೇಳಿರಬಹುದು? ಕಥೆಗಾರನಿಗೆ ಕೆಲಸವಿರುವುದು ಅಲ್ಲಿಯೇ.

ಆಂಗ್ಲ ಲೇಖಕ ಇಯಾನ್ ಸೆರೇಲಿಯರನು 1956ರಲ್ಲಿ ಪ್ರಕಟಿಸಿದ 'ದಿ ಸಿಲ್ವರ್ ಸ್ವೋರ್ಡ್' ಈ ಕೆಲಸವನ್ನು ಮಾಡಿದೆ. ಎರಡನೆಯ ಮಹಾಯುದ್ಧದಲ್ಲಿ ವಾರ್ಸಾ ನಗರದ ಉಪಾಧ್ಯಾಯನೊಬ್ಬನ ಮಕ್ಕಳು ತಂದೆತಾಯಿಗಳಿಂದ ಅಗಲಿ, ಪಾಳುಮನೆಯಲ್ಲಿ ಬದುಕಿ, ಸ್ವಿಟ್ಜರ್ಲೆಂಡಿನವರೆಗೆ ನಡೆಯುವರು. ಅಕ್ಕ ರೂತಳು ಯಾವ ಕೋಟೆಯನ್ನೂ ಗೆಲ್ಲಲಿಲ್ಲ. ತಮ್ಮ ತಂಗಿಯರನ್ನು ಉಳಿಸಿದಳು. ಕೊನೆಯಲ್ಲಿ ಎಲ್ಲರೂ ಕೂಡುವುದು ನನಗೆ ತುಸು ಸುಲಭವಾಯಿತೆನ್ನಿಸಿದರೂ, ಹಸಿವನ್ನು ಬಚ್ಚಿಡದ ಗ್ರಂಥವದು.

ನಮ್ಮಲ್ಲಿ ವಸ್ತುವಿಗೆ ಬಡತನವೇ? 1771ರ ಮಾರ್ಚಿಯಲ್ಲಿ, ಮೇಲುಕೋಟೆಯ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಹಿಂದೆಗೆಯುತ್ತಿದ್ದ ಇದೇ ಹೈದರನ ಸೈನ್ಯವನ್ನು ತ್ರಿಂಬಕರಾಯನ ಮರಾಠರು ನಮ್ಮ ಚಿನಕುರಳಿಯ ಬಳಿ ಮುರಿದರು. ಕಾಣೆಯಾಗಿದ್ದ ಟಿಪ್ಪುವು ಭಿಕ್ಷುಕನ ವೇಷದಲ್ಲಿ ತಂದೆಯನ್ನು ಸೇರಿಕೊಂಡ ಕಥೆಯನ್ನು ಕರ್ನಲ್ ವಿಲ್ಕ್ಸನು ಬರೆದಿಟ್ಟಿದ್ದಾನೆ. ದೊರೆಯ ಮಗನು ಮರಳಿದನು, ಸರಿ. ಅಂದು ಬಿದ್ದ ಸಿಪಾಯಿಗಳ ಮಕ್ಕಳು ಯಾರನ್ನು ಕಾದರು? ದಾರಿಯ ಹಳ್ಳಿಗಳಲ್ಲಿ ಯಾವ ಅಕ್ಕನು ಯಾವ ತಮ್ಮನನ್ನು ಸೊಂಟದ ಮೇಲೆ ಹೊತ್ತು ಓಡಿದಳು? ಇದು ಕಲ್ಪನೆಗೆ ಬಿಟ್ಟ ಸ್ಥಳ. ಆದರೆ ಅನೃತಕ್ಕೆ ಬಿಟ್ಟದ್ದಲ್ಲ.

ಬರೆಯುವವರು ಒಂದು ಕಷ್ಟವನ್ನು ಮಾತ್ರ ತಪ್ಪಿಸಿಕೊಳ್ಳಬಾರದು. ನಗಾರಿಯೊಳಗಿನ ಬಾಲಕನೂ ಚಿನಕುರಳಿಯ ಬಯಲಿಗೆ ಅನ್ಯರ ತಂದೆಯರನ್ನು ಕರೆತಂದ ದಳಪತಿಯೂ ಒಬ್ಬನೇ. ಅವನನ್ನು ರಾಕ್ಷಸನೆಂದು ಚಿತ್ರಿಸುವುದೂ ಸುಲಭ, ದೇವರೆಂದು ಚಿತ್ರಿಸುವುದೂ ಸುಲಭ. ಎರಡನ್ನೂ ಬೇಕಾದಷ್ಟು ಓದಿದ್ದೇವೆ. ಹತ್ತು ವರ್ಷದ ಓದುಗನು ಇಬ್ಬರನ್ನೂ ಒಬ್ಬನಲ್ಲಿ ಕಾಣಬಲ್ಲನೆಂದು ನಂಬುವ ಲೇಖಕರು ನಮಗೆ ಬೇಕಾಗಿದ್ದಾರೆ. ಅಂತಹ ಗ್ರಂಥವು ಕೈಸೇರಿದ ದಿನ ನಾನು ಮೊದಲು ಹುಡುಕುವುದು ಷಹಬಾಜನ ಹೆಸರನ್ನು.