ಆವಿಯಾದ ಪಾದರಸ ಎಲ್ಲಿಗೆ ಹೋಯಿತು?

ನೇಪಾಳದ ಪಾಟನ್ ನಗರದಲ್ಲಿ ನೇವಾರ ಕುಶಲಕರ್ಮಿಗಳು ತಾಮ್ರದ ವಿಗ್ರಹಗಳಿಗೆ ಪಾದರಸದ ನೆರವಿನಿಂದ ಚಿನ್ನದ ಲೇಪ ಕೊಡುತ್ತಾರೆ. ಈ ಪ್ರಾಚೀನ ವಿದ್ಯೆ ಇನ್ನೂ ಉಳಿದಿದೆ ಎಂದು ಕೊಂಡಾಡುವ ಲೇಖನಗಳನ್ನೂ ಸಾಕ್ಷ್ಯಚಿತ್ರಗಳನ್ನೂ ನೀವು ನೋಡಿರಬಹುದು. ನಾನು ನೋಡಿದ ಹಲವು ಒಂದೇ ಕಡೆ ಮುಗ್ಗರಿಸುತ್ತವೆ. ಕಾಯಿಸಿದಾಗ ಪಾದರಸ ಆವಿಯಾಗಿ ಹೋಗುತ್ತದೆ, ಚಿನ್ನ ಉಳಿಯುತ್ತದೆ ಎಂದು ಹೇಳಿ ಮುಂದೆ ಸಾಗುತ್ತವೆ. ದ್ರವ್ಯರಾಶಿ ಸಂರಕ್ಷಣೆಯ ಪಾಠ ಹೇಳುವ ನಾವು ಅಷ್ಟಕ್ಕೇ ತೃಪ್ತರಾಗಬಹುದೆ?

ವಿಧಾನ ಸೊಗಸಾದದ್ದೇ. ಚಿನ್ನ ಕರಗುವುದು 1064° ಸೆ.ನಲ್ಲಿ, ತಾಮ್ರ 1085° ಸೆ.ನಲ್ಲಿ. ಚಿನ್ನವನ್ನು ಕರಗಿಸಿ ಹಚ್ಚಹೋದರೆ ವಿಗ್ರಹವೇ ಕೆಟ್ಟೀತು. ಚಿನ್ನದ ಚೂರುಗಳಿಗೆ ಆರೆಂಟು ಪಾಲು ಪಾದರಸ ಸೇರಿಸಿ ಅರೆದರೆ ಬೆಣ್ಣೆಯಂಥ ಅಮಾಲ್ಗಮ್ ಸಿಗುತ್ತದೆ. ಹೆಚ್ಚಿನ ಪಾದರಸವನ್ನು ಹಿಂಡಿ ತೆಗೆದು, ಶುಚಿಮಾಡಿದ ತಾಮ್ರಕ್ಕೆ ಬಳಿದು ಕಾಯಿಸಬೇಕು. ಪಾದರಸದ ಕುದಿಬಿಂದು ಕೇವಲ 357° ಸೆ. ಉಳಿದ ಮಂಕು ಪದರವನ್ನು ನಯವಾದ ಕಲ್ಲಿನಿಂದ ಉಜ್ಜಿದರೆ ಹೊಳಪು. ಅಂದಹಾಗೆ, ಪಾದರಸ ಪೂರ್ತಿ ಹೋಗುವುದೂ ಇಲ್ಲ. ಪದರದಲ್ಲಿ ಉಳಿದ ಅಲ್ಪಾಂಶವನ್ನು ಎಕ್ಸ್‌-ಕಿರಣ ಪ್ರತಿದೀಪ್ತಿಯಿಂದ ಪತ್ತೆಹಚ್ಚಿಯೇ ತಜ್ಞರು ಹಳೆಯ ವಸ್ತುಗಳಲ್ಲಿ ಈ ವಿಧಾನವನ್ನು ಗುರುತಿಸುತ್ತಾರೆ.

ಮಿಕ್ಕದ್ದು ಗಾಳಿಗೆ, ಅಂದರೆ ಮೊದಲು ಕುಶಲಕರ್ಮಿಯ ಶ್ವಾಸಕೋಶಕ್ಕೆ. ಪಾದರಸವನ್ನು ಕಾಯಿಸದೆ 20° ಸೆ.ನಲ್ಲಿ ಮುಚ್ಚಿದ ಕೋಣೆಯಲ್ಲಿಟ್ಟರೂ, ಪರ್ಯಾಪ್ತ ಗಾಳಿಯಲ್ಲಿ ಘನಮೀಟರಿಗೆ ಸುಮಾರು 13 ಮಿಲಿಗ್ರಾಂ ಆವಿ ಇರುತ್ತದೆ. ದುಡಿಯುವ ಸ್ಥಳಗಳಿಗೆ ಶಿಫಾರಸಾಗಿರುವ ಒಂದು ಮಿತಿ 0.025 ಮಿಲಿಗ್ರಾಂ. ಭಾಗಿಸಿ ನೋಡಿ, ಐನೂರು ಪಟ್ಟು! ಉರಿಯ ಮುಂದೆ ಕುಳಿತವರ ಪಾಡೇನು? ಕೈನಡುಕ, ಒಸಡಿನ ಬಾವು, ಮನಸ್ಸಿನ ಅಸ್ವಸ್ಥತೆ ಈ ಆವಿಯ ಪರಿಚಿತ ಫಲಗಳು.

ಇದು ಹೊಸ ಅರಿವೂ ಅಲ್ಲ. 1814ರಲ್ಲಿ ತೀರಿಕೊಂಡ ಪ್ಯಾರಿಸ್ಸಿನ ಕಂಚುಗಾರ ರಾವ್ರಿಯೊ, ಲೇಪಗಾರರನ್ನು ಈ ವಿಷದಿಂದ ಕಾಪಾಡುವ ಉಪಾಯಕ್ಕೆಂದು 3000 ಫ್ರಾಂಕ್ ಬಹುಮಾನ ಇಟ್ಟುಹೋದ. 1818ರಲ್ಲಿ ಅದನ್ನು ಗೆದ್ದ ರಸಾಯನವಿಜ್ಞಾನಿ ದಾರ್ಸೆ ಬಳಸಿದ್ದು ಸಂವಹನವನ್ನು. ಹೊಗೆಗೂಡಿನಲ್ಲಿ ಇನ್ನೊಂದು ಪುಟ್ಟ ಒಲೆಯ ಬಿಸಿ ಗಾಳಿ ಮೇಲೇರುತ್ತ ಆವಿಯನ್ನೂ ಎಳೆದೊಯ್ಯುತ್ತದೆ. ಆವಿಯನ್ನು ತಣಿಸಿ ಹಿಡಿಯದಿದ್ದರೆ ಅದು ನೆರೆಯವರ ಪಾಲಾಗುತ್ತದೆ ಎಂಬುದು ಬೇರೆ ಮಾತು.

ವಿದ್ಯುಲ್ಲೇಪನವೇ ಇರುವಾಗ ಇದೇಕೆ ಎನ್ನುವವರಿಗೆ ಒಂದು ಮಾತು: ಅಲ್ಲಿ ಸಾಮಾನ್ಯವಾಗಿ ಬಳಸುವುದು ಸಯನೈಡ್ ದ್ರಾವಣವನ್ನು. ಪಾದರಸದ ಲೇಪ ದಪ್ಪ, ಬಾಳಿಕೆಯೂ ಹೆಚ್ಚು. ಆದ್ದರಿಂದ ವಿದ್ಯೆ ಅಳಿಯಲಿ ಎನ್ನಲಾರೆ. ತರಗತಿಯಲ್ಲಿ ಇಂಥ ಚಿತ್ರ ತೋರಿಸಿದರೆ ವಿಗ್ರಹದಿಂದ ಕಣ್ಣು ತೆಗೆದು ಕೋಣೆಯ ಚಾವಣಿಯತ್ತ ನೋಡಲು ಹೇಳಿ. ಅಲ್ಲಿ ಹೊಗೆಗೂಡು ಇದೆಯೆ?