ಹೂಂಗುಟ್ಟುವವರ ಕೈಯಲ್ಲಿ ಮಾತು

ಸಂಗೀತದ ರುಚಿ ಹತ್ತಿದವರು ಕಛೇರಿಗೆ ಹೋಗುತ್ತಾರೆ, ಮಾತಿನ ರುಚಿ ಹತ್ತಿದವರು ನಾಡಕಚೇರಿಗೆ ಹೋಗಬೇಕು. ಶಿರಾ ದಾಟಿ ಹಿರಿಯೂರಿನ ಕಡೆ ಬಂದರೆ ಹೆದ್ದಾರಿಗೇ ಸಿಗುವ ಜವನಗೊಂಡನಹಳ್ಳಿಯಂಥ ಹೋಬಳಿ ಊರಿನಲ್ಲಿ ಪಿಂಚಣಿಗೆ ಬಂದ ಅಜ್ಜಿಯೊಬ್ಬಳನ್ನು ಊಹಿಸಿಕೊಳ್ಳಿ.

“ಮೂರು ತಿಂಗ್ಳಾತು ಸ್ವಾಮಿ, ದುಡ್ಡು ಬಂದಿಲ್ಲ.” ಗುಮಾಸ್ತರ ಕಣ್ಣು ಕಂಪ್ಯೂಟರಿನ ಮೇಲೆ. “ಹಬ್ಬಕ್ಕೂ ಬರ್ಲಿಲ್ಲ.” ಕೀಲಿಮಣೆಯ ಟಕಟಕ. “ಅದೇ ಸ್ವಾಮಿ, ಮೂರು ತಿಂಗ್ಳಾತು...” ಹಿಂದೆ ನಿಂತವರು ಗೊಣಗುತ್ತಾರೆ: ಈ ಮುದುಕಿ ಹೇಳಿದ್ದೇ ಹೇಳ್ತಾಳೆ.

ಹೇಳದೆ ಇನ್ನೇನು ಮಾಡಿಯಾಳು? ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಜಾನೆಟ್ ಬಾವೆಲಾಸ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗ ಈ ಅಜ್ಜಿಯ ಪರವಾಗಿದೆ. ಕೂದಲೆಳೆಯಲ್ಲಿ ಪಾರಾದ ತಮ್ಮದೇ ಪ್ರಸಂಗವನ್ನು ಒಬ್ಬರು ಹೇಳಬೇಕು. ಎದುರು ಕೂತವರಲ್ಲಿ ಕೆಲವರಿಗೆ ಗುಟ್ಟಾಗಿ ಒಂದು ಕೆಲಸ: ‘ಟಿ’ ಅಕ್ಷರದಿಂದ ಶುರುವಾಗುವ ಪದಗಳನ್ನು ಎಣಿಸುವುದು. ಅವರು ಒಂದೊಂದು ಪದಕ್ಕೂ ಕಿವಿಗೊಟ್ಟಿದ್ದರು, ಆದರೆ ಅಯ್ಯೋ ಎನ್ನಬೇಕಾದಲ್ಲಿ ಮುಖದಲ್ಲಿ ಅಯ್ಯೋ ಕಾಣಲಿಲ್ಲ. ಹೇಳುವವರ ಕತೆ ಕೊನೆಯಲ್ಲಿ ಕುಸಿಯಿತು. ಮುಗಿದದ್ದನ್ನೇ ಮತ್ತೆ ಹೇಳಿದರು, ಅಪಾಯ ಎಷ್ಟಿತ್ತೆಂದು ಸಮಜಾಯಿಷಿ ಕೊಡತೊಡಗಿದರು. ಹೂಂಗುಟ್ಟುವವರಿಲ್ಲದಿದ್ದರೆ ಕತೆ ಮುಂದೆ ಹೋಗದೆಂಬುದು ನಮ್ಮ ಅಜ್ಜಿಯರಿಗೆ ಗೊತ್ತೇ ಇತ್ತು. ಬಾವೆಲಾಸ್ ಅದನ್ನು ವಿಡಿಯೊದಲ್ಲಿ ಕ್ಷಣಕ್ಷಣವಾಗಿ ಹಿಡಿದು ತೋರಿಸಿದರು.

ಹೀಗೆ ಹೂಂಗುಟ್ಟುವುದನ್ನು ಕಲಿಯುವುದೆಲ್ಲಿ? 2019ರಿಂದ ನಮ್ಮ ಎಂಬಿಬಿಎಸ್ ಪಠ್ಯದಲ್ಲೂ ಸಂವಹನದ ಪಾಠವಿದೆ, ಒಳ್ಳೆಯದೇ. ಆದರೆ ಪೇಟೆಯ ‘ಮಾತಿನ ಕಲೆ’ ತರಬೇತಿಗಳು ಬಾಯಿಗೆ ಕೊಡುವ ಮಹತ್ವವನ್ನು ಹುಬ್ಬಿಗೆ, ಕತ್ತಿಗೆ ಕೊಡುವುದಿಲ್ಲ. ದಂಡದ ಖರ್ಚು ಎನ್ನುವಷ್ಟು ನಿಷ್ಠುರ ನಾನಲ್ಲ, ಹತ್ತಿರಹತ್ತಿರ ಅಷ್ಟೇ.

ಅದಕ್ಕಿಂತ ಅಗ್ಗದ ದಾರಿಯಿದೆ. ಎದುರಿನವರ ಒಪ್ಪಿಗೆ ಪಡೆದು, ಇಬ್ಬರ ಮುಖವೂ ಕಾಣುವಂತೆ ಫೋನ್ ಇಟ್ಟು ಎರಡು ನಿಮಿಷದ ಮಾತು ಚಿತ್ರೀಕರಿಸಿ. ಮೊದಲು ಸದ್ದು ಆರಿಸಿ ನೋಡಿ. ಮಾತಾಡುವವರು ನಿಮ್ಮತ್ತ ಕಣ್ಣೆತ್ತಿದಾಗಲೆಲ್ಲ ನೀವು ಎಲ್ಲಿ ನೋಡುತ್ತಿದ್ದಿರಿ ಎಂದು ಗುರುತು ಹಾಕಿಕೊಳ್ಳಿ. ಆಮೇಲೆ ಸದ್ದು ಹಾಕಿ. ಎರಡನೇ ಸಲ ಹೇಳಿದ ಮಾತು ಬಹುಪಾಲು ನಿಮ್ಮ ಹೂಂ ತಪ್ಪಿದ ಕಡೆಯೇ ಸಿಗುತ್ತದೆ.

ಗುಮಾಸ್ತರು ಕಂಪ್ಯೂಟರ್ ನೋಡಲೇಬೇಕಲ್ಲ ಅನ್ನುತ್ತೀರಿ. ನೋಡಲಿ. ನೋಡುವ ಮುಂಚೆ ತಲೆಯೆತ್ತಿ, “ಮೂರು ತಿಂಗ್ಳಾ? ತಾಳಜ್ಜಿ, ಇದ್ರಲ್ಲಿ ನೋಡಿ ಹೇಳ್ತೀನಿ. ಬ್ಯಾಂಕು ಏನಾದ್ರೂ ಬದಲಾಯ್ಸಿದ್ರಾ?” ಎಂದರೆ, “ಹೂಂ ಕಣಪ್ಪ, ಮಗ ಹೊಸ ಪಾಸ್‌ಬುಕ್ ಮಾಡ್ಸವ್ನೆ” ಎಂಬ ಅಸಲು ಮಾತು ಹೊರಬಂದೀತು. ಸಾಲೂ ಮುಂದೆ ಸರಿದೀತು.